ಟೀ ಬೇಡ ಅಂದ ಹುಡುಗ

ಉದ್ದದ ಪೋಸ್ಟು. ಸಮಯ ಇದ್ದಾಗ ಓದಿ. ಹುಡುಗನ ಹೆಸರು, ಕಾಲೇಜಿನ ಹೆಸರು ಬರೆಯಲ್ಲ. ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ. ಪೂರ್ತಿ ಅವನಿಗೆ ಓದಿ ಹೇಳಿ, "ಸರಿ ಮಾಮ, ಹಾಕು" ಅಂದ ಮೇಲೇ ಹಾಕ್ತಿದೀನಿ.

ಮೂರು ವರ್ಷದ ಹಿಂದಿನ ಮಾತು. ಅಕ್ಕನ ಮಗ ಬೆಂಗಳೂರಿಂದ ಕೋಲಾರ ಜಿಲ್ಲೆಯ ನಮ್ಮೂರಿಗೆ ಬಂದಿದ್ದ. ಅವ್ವ ಒಲೆ ಮುಂದೆ ಕೂತು ಟೀ ಕಾಯಿಸಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿ ಮೊಮ್ಮಗನ ಮುಂದೆ ಹಿಡಿದಳು. ಅವನು, "ಬೇಡ ಅಜ್ಜಿ, ನಾನು ಟೀ ಕುಡಿಯಲ್ಲ" ಅಂದ.

ಅವ್ವ ಲೋಟ ಹಿಡಿದುಕೊಂಡೇ ಕೂತಳು. ಆಮೇಲೆ ಕೇಳಿದಳು: "ನಮ್ಮನೇಲಿ ಟೀ ಬೇಡ ಅನ್ನೋರು ಯಾರು ಗೊತ್ತೇನಪ್ಪಾ?"

ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಓಟು ಕೇಳೋಕೆ ಬಂದೋರು, ಸರ್ವೆಗೆ ಬಂದೋರು, ಪಾಠ ಹೇಳೋ ಮೇಷ್ಟ್ರು, ಎಲ್ಲರೂ ಬಾಗಿಲಲ್ಲಿ ನಿಂತು "ಈಗಷ್ಟೇ ಕುಡಿದು ಬಂದೆ" ಅನ್ನೋದನ್ನ ಕೇಳಿಕೊಂಡೇ ಅವ್ವ ಮುದುಕಿ ಆದಳು. ಊರ ಹೋಟ್ಲಲ್ಲಿ ಅವಳ ಗಂಡನಿಗೆ, ಅಂದರೆ ನಮ್ಮಪ್ಪನಿಗೆ, ತೆಂಗಿನ ಚಿಪ್ಪಲ್ಲಿ ಟೀ ಕೊಡ್ತಿದ್ರು. ಕುಡಿದು, ತೊಳೆದು, ಸೂರಿನ ಸಂದಿಗೆ ಸಿಕ್ಕಿಸಿ ಬರಬೇಕಿತ್ತು. ಅಂಥ ಮನೇಲಿ ಸ್ವಂತ ಮೊಮ್ಮಗ ಲೋಟ ಮುಟ್ಟಲಿಲ್ಲ.

ಅವತ್ತೇ ನಮಗೆ ಗೊತ್ತಾಗಿದ್ದು, ಹುಡುಗ ಮಾರ್ಮನ್ ಚರ್ಚ್ ಸೇರಿದಾನೆ ಅಂತ. ಅವರಲ್ಲಿ ಹೆಂಡ, ಬೀಡಿ, ಸಿಗರೇಟು ಇಲ್ಲ. ಟೀ, ಕಾಫಿ ಕೂಡ ಇಲ್ಲ. ಅವನು ಬೇಡ ಅಂದಿದ್ದು ಟೀಯನ್ನ, ನಮ್ಮನ್ನಲ್ಲ. ಆದರೆ ಅದನ್ನ ಅವ್ವನಿಗೆ ತಿಳಿಸಿ ಹೇಳೋಕೆ ಸಂಜೆ ಆಯ್ತು. ತಿಳಿದ ಮೇಲೆ ಅವಳು ಹೇಳಿದ್ದು ಇಷ್ಟೆ: "ಹಂಗಾದ್ರೆ ಮಜ್ಜಿಗೆ ಕುಡೀತೀಯಾ?" ಕುಡಿದ. ಎರಡು ಲೋಟ.

ಈಗ ಆ ಹುಡುಗನಿಗೆ ಇಪ್ಪತ್ತೊಂದು. ಬಿ.ಕಾಂ. ಕೊನೇ ಸೆಮಿಸ್ಟರ್ ಪರೀಕ್ಷೆ ಬರೀತಿದಾನೆ. ಅದು ಮುಗಿದ ಮುಂದಿನ ತಿಂಗಳು ಮಿಷನ್‌ಗೆ ಹೊರಡ್ತಾನೆ. ಎರಡು ವರ್ಷ.

ಮಿಷನ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಮಾರ್ಮನ್ ಚರ್ಚ್ ಹುಟ್ಟಿದ್ದು 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಜೋಸೆಫ್ ಸ್ಮಿತ್ ಅನ್ನೋರು ಕಟ್ಟಿದ್ದು. ಈಗ ಅದರ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಅಲ್ಲಿ ಕಾಲೇಜು ಓದೋ ಹುಡುಗರು ಓದನ್ನ ಅರ್ಧಕ್ಕೆ ನಿಲ್ಲಿಸಿ ಎರಡು ವರ್ಷ ಧರ್ಮದ ಕೆಲಸಕ್ಕೆ ಹೋಗೋದು, ವಾಪಸ್ ಬಂದು ಓದು ಮುಂದುವರಿಸೋದು ಮಾಮೂಲಿ. ಗಂಡುಹುಡುಗರು ಹದಿನೆಂಟು ತುಂಬಿದ ಮೇಲೆ ಹೋಗಬಹುದು. ಹೆಣ್ಣುಮಕ್ಕಳಿಗೆ ಹದಿನೆಂಟು ತಿಂಗಳ ಮಿಷನ್. ಎಲ್ಲಿಗೆ ಹೋಗಬೇಕು ಅಂತ ಹೋಗೋರು ಆರಿಸಿಕೊಳ್ಳೋ ಹಾಗಿಲ್ಲ. ಅರ್ಜಿ, ಸಂದರ್ಶನ, ವೈದ್ಯರ ತಪಾಸಣೆ, ಹಲ್ಲಿನ ತಪಾಸಣೆ ಎಲ್ಲ ಆದ ಮೇಲೆ ಅಲ್ಲಿಂದ ಕರೆ ಬರುತ್ತೆ. ಬೆಂಗಳೂರಲ್ಲಿ ಅವರ ಮಿಷನ್ 1993ರಿಂದ ಇದೆ. ದೆಹಲಿಯಲ್ಲಿ 2007ರಿಂದ. ನಮ್ಮ ಹುಡುಗನಿಗೆ ದೆಹಲಿ ಬಂದಿದೆ.

ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಯಾವಾಗಲೂ ಜೊತೆಗೊಬ್ಬ ಇರಬೇಕು, ಒಬ್ಬನೇ ಎಲ್ಲೂ ಹೋಗೋ ಹಾಗಿಲ್ಲ. ಹುಡುಗಿ, ಓಡಾಟ ಏನೂ ಇಲ್ಲ. ಮೊದಲೆಲ್ಲ ಮನೆಗೆ ಫೋನ್ ಮಾಡೋಕೆ ವರ್ಷಕ್ಕೆ ಎರಡೇ ಸಲ ಬಿಡ್ತಿದ್ರಂತೆ. 2019ರಿಂದ ವಾರಕ್ಕೊಂದು ಸಲ ಮಾಡಬಹುದು. ಸಂಬಳ ಇಲ್ಲ. ಖರ್ಚು ಅವರದ್ದೇ. ಅಮೆರಿಕದ ಮನೆಯವರು ತಿಂಗಳಿಗೆ 500 ಡಾಲರ್ ಕಟ್ತಾರೆ. ನಮ್ಮಂಥವರು ಕೈಲಾದಷ್ಟು ಕಟ್ಟಿದ್ರೆ ಉಳಿದದ್ದನ್ನ ಚರ್ಚ್ ನೋಡ್ಕೊಳ್ಳುತ್ತೆ ಅಂದ.

ಎರಡನೇ ವರ್ಷ ಮುಗೀತಿದ್ದ ಹಾಗೇ ಹೊರಟು ನಿಂತಿದ್ದ. ನಾನು ಅಡ್ಡ ನಿಂತೆ. "ಬಾಬಾಸಾಹೇಬರು ಮೊದಲು ಶಿಕ್ಷಣ ಅಂದ್ರು. ಡಿಗ್ರಿ ಮುಗಿಸು, ಆಮೇಲೆ ಎಲ್ಲಿಗಾದ್ರೂ ಹೋಗು." ಒಪ್ಪಿದ. ಈ ಮೂರು ವರ್ಷದಲ್ಲಿ ನಾನು ಗೆದ್ದಿದ್ದು ಇದೊಂದೇ ವಾದ.

ಗೆಳೆಯರು ಕೇಳ್ತಾರೆ, "ನಿನ್ನ ಮನೆ ಹುಡುಗನೇ ಹಿಂಗಾದ್ನಾ? ನಾಗಪುರದ ದಾರಿ ಇರುವಾಗ ಅಮೆರಿಕದ ದಾರಿ ಯಾಕೆ ಹಿಡಿದ?" ನಿಜವಾದ ಉತ್ತರ ಕೊಡೋಕೆ ನನಗೆ ನಾಚಿಕೆ. ಆದರೂ ಬರೀತೀನಿ.

ಭಾವ ಕುಡಿದು ಕುಡಿದೇ ಸತ್ತ. ಹುಡುಗ ಆಗ ಪಿಯುಸಿ. ಅಕ್ಕ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾಳೆ, ಕಾಲರ್ ಹೊಲಿಯೋ ಕೆಲಸ. ಮಣ್ಣಿಗೆ ನಾವೆಲ್ಲ ಬಂದಿದ್ವಿ. ಸಂಘಟನೆಯ ಹತ್ತಿಪ್ಪತ್ತು ಜನ, ನೀಲಿ ಶಾಲು, ಹಾರ. ಮಾತಾಡಿದವರಲ್ಲಿ ನಾನೂ ಒಬ್ಬ. ಸಾರಾಯಿ ದಲಿತರ ಮನೆಗಳನ್ನ ಹೇಗೆ ತಿಂದುಹಾಕ್ತು ಅಂತ ಚೆನ್ನಾಗೇ ಮಾತಾಡಿದೆ. ಹನ್ನೊಂದನೇ ದಿನ ಇನ್ನೊಂದು ಸಲ ಹೋಗಿ ಬಂದೆ. ಅಷ್ಟೆ. ಆಮೇಲೆ ಜಯಂತಿ ಬಂತು, ಧರಣಿ ಬಂತು, ಜಿಲ್ಲಾ ಸಮಾವೇಶ ಬಂತು.

ಆ ಹೊತ್ತಲ್ಲೇ ಹುಡುಗನ ಕ್ಲಾಸಿನವನೊಬ್ಬ ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿದ ಇಬ್ಬರನ್ನ ಮನೆಗೆ ಕರ್ಕೊಂಡು ಬಂದ. ಒಬ್ಬ ತಮಿಳುನಾಡಿನವನು, ಇನ್ನೊಬ್ಬ ಆಂಧ್ರದವನು. ಇಪ್ಪತ್ತು ವರ್ಷದ ಹುಡುಗರು. ಅಕ್ಕ ಡ್ಯೂಟಿಯಿಂದ ಬರೋಷ್ಟರಲ್ಲಿ ನೀರು ಹಿಡಿದಿಡ್ತಿದ್ರು. ಸೋರ್ತಿದ್ದ ಶೀಟಿಗೆ ಟಾರ್ಪಾಲ್ ಕಟ್ಟಿದ್ರು. ಕೂತು ಇವನ ಜೊತೆ ಅಕೌಂಟೆನ್ಸಿ ಲೆಕ್ಕ ಮಾಡಿದ್ರು. ವಾರ ವಾರ ಬಂದ್ರು.

ನಾವು ಭಾಷಣಕ್ಕೆ ಹೋಗಿ ಬಂದ್ವಿ. ಅವರು ಪ್ರತಿ ವಾರ ಹೋದ್ರು. ವ್ಯತ್ಯಾಸ ಇಷ್ಟೇ.

"ಆಮಿಷ" ಅಂತಾರಲ್ಲ, ಅಕ್ಕನನ್ನ ನೇರವಾಗಿ ಕೇಳಿದೆ. "ದುಡ್ಡು ಗಿಡ್ಡು ಏನಾದ್ರೂ ಕೊಟ್ರಾ?" ಅವಳು ನಕ್ಕಳು. "ಕೊಡೋದೇನ್ ಬಂತು? ಅವನು ದುಡಿದಿದ್ರಲ್ಲಿ ಹತ್ತರಲ್ಲಿ ಒಂದು ಭಾಗ ಅಲ್ಲಿಗೇ ಕಟ್ತಾನೆ. ನನಗೆ ಅದೆಲ್ಲ ಬೇಡ ಕಣೋ. ಅಲ್ಲಿ ಯಾರೂ ಕುಡಿಯಲ್ಲ. ನನಗೆ ಅಷ್ಟು ಸಾಕು." ಅಕ್ಕ ಚರ್ಚಿಗೆ ಸೇರಿಲ್ಲ. ಅವಳ ಮಾರಮ್ಮ ಅವಳಿಗಿದಾಳೆ.

ಇನ್ನೊಂದು ವಿಷಯ. ಮಿಷನ್‌ಗೆ ಹೋಗೋ ಗಂಡುಹುಡುಗನನ್ನ "ಎಲ್ಡರ್" ಅಂತ ಕರೀತಾರೆ. ಹಿರಿಯ ಅಂತ. ಎದೆಯ ಪಟ್ಟಿ ಮೇಲೆ ಅದರ ಪಕ್ಕ ಮನೆತನದ ಹೆಸರು. ನಮಗೆಲ್ಲಿಯ ಮನೆತನದ ಹೆಸರು? ಇನಿಷಿಯಲ್ ಒಂದೇ ನಮಗಿರೋದು. ಅರ್ಜಿಯಲ್ಲಿ ಆ ಜಾಗಕ್ಕೆ ಅವನು ಅಪ್ಪನ ಹೆಸರು ಬರೆದ. ಊರಲ್ಲಿ ಭಾವನ ಹೆಸರಿಗೆ "ಅಪ್ಪ" ಸೇರಿಸಿ ಕರೆದವರನ್ನ ನಾನು ಕಂಡಿಲ್ಲ. "ಗ" ಸೇರಿಸಿಯೇ ಕರೀತಿದ್ರು. ಗೌಡರ ಮನೆಯ ಹತ್ತು ವರ್ಷದ ಹುಡುಗನೂ "ಲೇ" ಅಂತಿದ್ದ. ಈಗ ಅದೇ ಹೆಸರು ಪೂರ್ತಿಯಾಗಿ, ಮುಂದೆ ಹಿರಿಯ ಅಂತ ಸೇರಿಸಿಕೊಂಡು, ಅವನ ಮಗನ ಎದೆ ಮೇಲೆ ಇರುತ್ತೆ. "ಮೀಸೆ ಬರದ ಹುಡುಗನಿಗೆ ಹಿರಿಯ ಅಂತಾರಾ!" ಅಂತ ಅವ್ವನಿಗೆ ನಗು. ನನಗೆ ನಗು ಬರಲಿಲ್ಲ.

ಹಾಗಂತ ನಾನು ಸುಮ್ಮನೆ ಬಿಟ್ಟೆ ಅಂದ್ಕೋಬೇಡಿ. ಓದಿದೆ, ಹುಡುಕಿದೆ, ಜಗಳ ಆಡಿದೆ.

ಬೆಂಗಳೂರಲ್ಲಿ ಅವರ ಟೆಂಪಲ್ ಕಟ್ತಿದಾರೆ. 2018ರಲ್ಲಿ ಘೋಷಣೆ ಆಯ್ತು, 2020ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದ್ರು. ಟೆಂಪಲ್ ಬೇರೆ, ಭಾನುವಾರ ಸೇರೋ ಚರ್ಚ್ ಬೇರೆ. ಚರ್ಚಿಗೆ ಯಾರು ಬೇಕಾದ್ರೂ ಹೋಗಬಹುದು. ಟೆಂಪಲ್ ಉದ್ಘಾಟನೆ ಆದ ಮೇಲೆ ಅದರೊಳಗೆ ಹೋಗೋಕೆ ಚೀಟಿ ಬೇಕು. ಸಂದರ್ಶನ ಮಾಡಿ, ನಡತೆ ಕೇಳಿ ಕೊಡ್ತಾರೆ. ನಾನು ಉರಿದುಬಿದ್ದೆ. "1930ರಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ಗುಡಿ ಮುಂದೆ ಸತ್ಯಾಗ್ರಹ ಮಾಡಿದ್ದು ಯಾತಕ್ಕೆ? ನೀನು ಹೋಗಿ ಮತ್ತೆ ಬಾಗಿಲಲ್ಲಿ ಚೀಟಿ ತೋರಿಸ್ತೀಯಾ?"

"ಚೀಟಿ ನಡತೆಗೆ ಮಾಮ, ಹುಟ್ಟಿಗಲ್ಲ" ಅಂದ.

"1978ರ ತನಕ ಹುಟ್ಟಿಗೇ ಇತ್ತು" ಅಂದೆ.

ಇದನ್ನ ನೀವೂ ತಿಳ್ಕೊಳ್ಳಿ. ಜೋಸೆಫ್ ಸ್ಮಿತ್ ಕಾಲದಲ್ಲಿ, 1836ರಲ್ಲಿ, ಎಲೈಜಾ ಏಬಲ್ ಅನ್ನೋ ಕಪ್ಪು ಮನುಷ್ಯನಿಗೆ ಪುರೋಹಿತ ಪದವಿ ಕೊಟ್ಟಿದ್ರು. 1852ರಲ್ಲಿ ಆಗಿನ ಮುಖ್ಯಸ್ಥ ಬ್ರಿಗಮ್ ಯಂಗ್ ಬಹಿರಂಗವಾಗಿ ಹೇಳಿದ, ಆಫ್ರಿಕಾ ಮೂಲದವರಿಗೆ ಇನ್ನು ಅದಿಲ್ಲ ಅಂತ. ಅವರ ಚರ್ಚಲ್ಲಿ ಹನ್ನೆರಡು ದಾಟಿದ ಗಂಡುಹುಡುಗರಿಗೆಲ್ಲ ಸಿಗೋ ಪದವಿ ಅದು. ಕಪ್ಪು ಜನರಿಗೆ ಮಾತ್ರ ಇಲ್ಲ. ಟೆಂಪಲಿನ ದೊಡ್ಡ ವಿಧಿಗಳಿಗೂ ಪ್ರವೇಶ ಇಲ್ಲ. ಕಾರಣ? ಕಾಯಿನನ ಶಾಪ ಅಂದ್ರು. ಹುಟ್ಟೋಕೆ ಮುಂಚಿನ ಲೋಕದಲ್ಲಿ ಇವರ ಆತ್ಮಗಳು ಸಾಕಷ್ಟು ನಿಷ್ಠೆ ತೋರಿಸಲಿಲ್ಲ ಅಂತಲೂ ಕೆಲವು ಮುಖಂಡರು ಹೇಳಿದ್ರು. ಓದಿದಾಗ ನನ್ನ ಮೈ ಜುಮ್ ಅಂತು. ಪೂರ್ವಜನ್ಮದ ಕರ್ಮ! ಇದನ್ನ ನಮಗೆ ಹೊಸದಾಗಿ ಯಾರು ಹೇಳಬೇಕು?

ಜೇನ್ ಮ್ಯಾನಿಂಗ್ ಜೇಮ್ಸ್ ಅನ್ನೋ ಕಪ್ಪು ಹೆಣ್ಣುಮಗಳ ಕತೆ ಕೇಳಿ. ಆ ಧರ್ಮ ನಂಬಿ, ಮನೆಯವರನ್ನ ಕಟ್ಕೊಂಡು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಜೋಸೆಫ್ ಸ್ಮಿತ್ ಇದ್ದ ಊರಿಗೆ ಬಂದವಳು. ಆಮೇಲೆ ಯೂಟಾಕ್ಕೂ ಹೋದಳು. ನನಗೂ ಟೆಂಪಲಿನ ವಿಧಿ ಮಾಡಿಸಿ ಅಂತ ವರ್ಷಗಟ್ಟಲೆ ಮುಖಂಡರನ್ನ ಕೇಳಿಕೊಂಡಳು. 1894ರಲ್ಲಿ ಕೊನೆಗೂ ಒಂದು ವಿಧಿ ಮಾಡಿದ್ರು. ಜೋಸೆಫ್ ಸ್ಮಿತ್ ಮನೆತನಕ್ಕೆ ಅವಳನ್ನ ಪರಲೋಕದಲ್ಲೂ ಸೇವಕಿಯಾಗಿ ಸೇರಿಸಿದ್ರು. ಅದಕ್ಕೂ ಅವಳನ್ನ ಒಳಗೆ ಬಿಡಲಿಲ್ಲ. ಅವಳ ಪರವಾಗಿ ಬೇರೆ ಹೆಂಗಸು ಒಳಗೆ ನಿಂತಳು. 1908ರಲ್ಲಿ ಸತ್ತಳು. ಸ್ವರ್ಗಕ್ಕೆ ಹೋದ್ರೂ ಆಳಾಗೇ ಇರು ಅನ್ನೋದು ಬರೀ ನಮ್ಮ ಮನುವಿನ ಯೋಚನೆ ಅಲ್ಲ ನೋಡಿ.

1978ರ ಜೂನ್‌ನಲ್ಲಿ ಸ್ಪೆನ್ಸರ್ ಕಿಂಬಲ್ ಅನ್ನೋ ಮುಖ್ಯಸ್ಥರ ಕಾಲದಲ್ಲಿ, ದೇವರಿಂದ ಅಪ್ಪಣೆ ಬಂತು ಅಂತ ಆ ನಿಷೇಧ ತೆಗೆದ್ರು. ಹಳೇ ಕಾರಣಗಳನ್ನ ಈಗ ನಾವು ಒಪ್ಪೋದಿಲ್ಲ ಅಂತ 2013ರಲ್ಲಿ ಚರ್ಚೇ ಪ್ರಕಟಿಸ್ತು.

ಇಷ್ಟೂ ಹೇಳಿ, ಹುಡುಗ ಸೋತ ಅಂದ್ಕೊಂಡೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಜೇನ್ ಕತೆ ನನಗೆ ಗೊತ್ತು ಮಾಮ. ಓದಿದ ದಿನ ನಿದ್ದೆ ಬರಲಿಲ್ಲ. ಅವಳಿಗೆ ಮಾಡಿದ್ದು ತಪ್ಪು, ನಮ್ಮ ಬಿಷಪ್ಪರ ಮುಂದೆನೂ ಹೇಳಿದೀನಿ. ಆದ್ರೆ ಅವಳು ಬಿಟ್ಟು ಹೋಗಲಿಲ್ಲ ಅಲ್ವಾ? ಕೇಳ್ತಾನೇ ಇದ್ಲು. ಅಲ್ಲಿ 1978ರಲ್ಲಿ ಬಾಗಿಲು ತೆಗೀತು. ನಮ್ಮೂರ ಗುಡಿ ಬಾಗಿಲು ಯಾವ ಇಸವೀಲಿ ತೆಗೀತು, ಹೇಳು?"

ನಮ್ಮೂರ ಗುಡಿ ಒಳಗೆ ನಾನು ಇವತ್ತಿನ ತನಕ ಹೋಗಿಲ್ಲ.

ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಹೆಂಗಸರಿಗೆ ಆ ಪುರೋಹಿತ ಪದವಿ ಕೊಡ್ತಾರೇನೋ?" ಕೊಡಲ್ಲ. "ಹಂಗಾದ್ರೆ ಇನ್ನೊಂದು 1978 ಬರಬೇಕು" ಅಂದಳು. ಹುಡುಗ ಅದಕ್ಕೆ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಅವನ ಚೀಲದಲ್ಲಿ ದೆಹಲಿಗೆ ಹೋಗಲಿ.

ಈಗ ನನ್ನನ್ನ ನಿಜವಾಗಿ ಅಲ್ಲಾಡಿಸಿದ ವಿಷಯಕ್ಕೆ ಬರ್ತೀನಿ. ಇದೇ ವರ್ಷ ಸಂದರ್ಶನ ಮುಗಿಸಿ ಬಂದು ಒಂದು ಕವರ್ ನನ್ನ ಕೈಗೆ ಕೊಟ್ಟ. "ಮಾಮ, ಇದು ನಿನ್ನ ಹತ್ರ ಇರಲಿ." ಬಿಚ್ಚಿ ನೋಡಿದರೆ ಅವನ ಜಾತಿ ಪ್ರಮಾಣಪತ್ರ. ನಾಡಕಚೇರಿಗೆ ನಾಲ್ಕು ಸಲ ಅಲೆದು, ಗ್ರಾಮ ಲೆಕ್ಕಿಗರ ಜೊತೆ ಗುದ್ದಾಡಿ ನಾನೇ ಮಾಡಿಸಿಕೊಟ್ಟಿದ್ದು.

"ಸಂದರ್ಶನದಲ್ಲಿ, ಎಲ್ಲ ವ್ಯವಹಾರದಲ್ಲೂ ಪ್ರಾಮಾಣಿಕವಾಗಿದೀಯಾ ಅಂತ ಕೇಳ್ತಾರೆ. ಹೌದು ಅಂದೆ. ಸುಳ್ಳು ಹೇಳಲಿಲ್ಲ ಮಾಮ. ಡಿಗ್ರಿ ಸೇರಿದಾಗಿಂದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿಲ್ಲ."

ಮೂರು ವರ್ಷ! ರಾತ್ರಿ ಹೊತ್ತು ಊಟದ ಪಾರ್ಸೆಲ್ ಹೊತ್ಕೊಂಡು ಗಾಡಿ ಓಡಿಸಿ ಫೀಸು ಕಟ್ಟಿದಾನೆ. ಕೈ ಖರ್ಚಿಗೆ ದುಡೀತಿದಾನೆ ಅಂದ್ಕೊಂಡಿದ್ದೆ. ಊರವರ ಮಕ್ಕಳ ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಸಮಾಜ ಕಲ್ಯಾಣ ಇಲಾಖೆ ಮುಂದೆ ಧರಣಿ ಕೂರೋ ನನಗೆ, ಅಕ್ಕನ ಮಗ ಅರ್ಜಿನೇ ಹಾಕಿಲ್ಲ ಅನ್ನೋದು ಗೊತ್ತಿರಲಿಲ್ಲ.

ಕಾನೂನು ಹೀಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ: ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರಿಗೆ ಪ್ರವರ್ಗ-1ರಲ್ಲಿ ಜಾಗ ಇದೆ ನಿಜ, ಆದರೆ ಅದು ಬೇರೆ ಪಟ್ಟಿ, ಬೇರೆ ಪಾಲು. 2024ರ ನವೆಂಬರ್ 26ರಂದು ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕ್ರೈಸ್ತ ಧರ್ಮ ಪಾಲಿಸ್ತಾ ಮೀಸಲಾತಿಗಾಗಿ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡೋ ವಂಚನೆ. ಸಂವಿಧಾನ ದಿನವೇ ಬಂದ ತೀರ್ಪು ಅದು.

ನಾನು ಹುಡುಗನಿಗೆ ಹೇಳಿದೆ, "ಸುಳ್ಳು ಇರೋದು ನಿನ್ನಲ್ಲಲ್ಲ, ಆ ಮೂರನೇ ಪ್ಯಾರಾದಲ್ಲಿ. ಹೋದ ತಿಂಗಳು ಊರ ಹಾಲಿನ ಡೈರಿ ಹತ್ರ ಒಬ್ಬ ನಿನ್ನನ್ನ ಯಾರ ಮಗ ಅಂತ ಕೇಳಿ, ಗೊತ್ತಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದನಲ್ಲ? ನೀನು ಯಾವ ಚರ್ಚು ಅಂತ ಕೇಳಿ ಸರಿದನಾ?"

ನೀರಲ್ಲಿ ಮುಳುಗಿ ಎದ್ದದ್ದು ಸರ್ಕಾರಕ್ಕೆ ಕಾಣುತ್ತೆ, ಊರಿಗೆ ಕಾಣಲ್ಲ. ಕಾನೂನಿಗೆ ಅವನು ಕ್ರೈಸ್ತ. ಬೇರೆ ಎಷ್ಟೋ ಚರ್ಚಿನವರಿಗೆ ಮಾರ್ಮನ್ನರು ಕ್ರೈಸ್ತರೇ ಅಲ್ಲ. ಊರಿಗೆ ಅವನು ಕೇರಿ ಹುಡುಗ. ಮೂರೂ ಕಡೆ ಅವನು ಹೊರಗೇ.

ಇನ್ನೊಂದು ಕಾನೂನೂ ಇದೆ. ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆ. ಅವನು ದೀಕ್ಷೆ ತಗೊಂಡಿದ್ದು ಅದು ಬರೋ ಮುಂಚೆ. ಅದರ ಶಿಕ್ಷೆಯ ಕಲಮು ಓದಿ. ಅಕ್ರಮ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು. ಮತಾಂತರ ಆದವರು ಅಪ್ರಾಪ್ತರು, ಬುದ್ಧಿಸ್ವಾಧೀನ ಇಲ್ಲದವರು, ಹೆಂಗಸರು, ಇಲ್ಲವೇ ಎಸ್‌ಸಿ, ಎಸ್‌ಟಿ ಆಗಿದ್ದರೆ ಮೂರರಿಂದ ಹತ್ತು ವರ್ಷ. ಅಂದರೆ ನಮ್ಮ ತಲೆಯನ್ನ ಯಾರು ಬೇಕಾದ್ರೂ ಕೆಡಿಸಬಹುದು, ನಾವು ಸ್ವಂತ ಯೋಚನೆ ಮಾಡೋ ಜನ ಅಲ್ಲ ಅಂತ. ರದ್ದು ಮಾಡ್ತೀವಿ ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸ್ತು. ಹುಡುಗ ಹೋಗ್ತಿರೋ ಉತ್ತರದ ಕಡೆ ಉತ್ತರ ಪ್ರದೇಶದಲ್ಲೂ ಇಂಥದ್ದೇ ಕಾಯ್ದೆ ಇದೆ. "ಹುಷಾರಪ್ಪ" ಅಂದೆ. "ಸಿಕ್ಕ ಸಿಕ್ಕ ಬಾಗಿಲು ತಟ್ಟೋದಲ್ಲ ಮಾಮ, ಕರೆದೋರ ಮನೆಗೆ ಮಾತ್ರ" ಅಂತಾನೆ. ಆದರೂ ನನಗೆ ಭಯ ಇದೆ. ಅಕ್ಕನಿಗೆ ಹೇಳಿಲ್ಲ.

ಈ ಹೊತ್ತಲ್ಲಿ ಬಾಬಾಸಾಹೇಬರ "ಜಾತಿ ವಿನಾಶ" ಮತ್ತೆ ತೆಗೆದು ಓದಿದೆ. 1936ರದ್ದು. ಹಿಂದೂ ಧರ್ಮ ಯಾಕೆ ಬೇರೆಯವರನ್ನ ಕರೆದು ಸೇರಿಸಿಕೊಳ್ಳೋ ಧರ್ಮವಾಗಿ ಉಳಿಯಲಿಲ್ಲ ಅಂತ ಅದರಲ್ಲಿ ವಿವರಿಸ್ತಾರೆ. ಜಾತಿ ಇರೋ ಕಡೆ ಹೊಸಬ ಬಂದ್ರೆ ಅವನನ್ನ ಯಾವ ಜಾತಿಗೆ ಸೇರಿಸೋದು? ಜಾಗವೇ ಇಲ್ಲ. ನೂರು ಸಲ ಓದಿದ್ದ ಮಾತು ಈಗ ಬೇರೆ ಥರ ಅರ್ಥ ಆಯ್ತು. ಮಿಷನ್ ಅಂದ್ರೆ "ಬಾ, ನಮ್ಮ ಜೊತೆ ಕೂತ್ಕೋ" ಅನ್ನೋದು. ನಮ್ಮಜ್ಜ, ನಮ್ಮಪ್ಪ ಆ ಮಾತನ್ನ ಯಾರಿಂದಲೂ ಕೇಳಲಿಲ್ಲ. ಈಗ ನಮ್ಮ ಹುಡುಗ ಅದನ್ನ ಬೇರೆಯವರಿಗೆ ಹೇಳೋಕೆ ಹೊರಟಿದಾನೆ.

ನಾನು ಅವನ ಧರ್ಮ ಒಪ್ಪಲ್ಲ. ನನ್ನ ದಾರಿ ಬುದ್ಧನ ದಾರಿ. ಆದರೆ ಹುಟ್ಟಿದ ಧರ್ಮದಲ್ಲೇ ಸಾಯಬೇಕಿಲ್ಲ ಅನ್ನೋ ಹಕ್ಕನ್ನ 1935ರಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ಘೋಷಿಸಿದ್ದು ನನ್ನೊಬ್ಬನಿಗಲ್ಲ. ಅವರೇ ಇಪ್ಪತ್ತೊಂದು ವರ್ಷ ತಗೊಂಡ್ರು, ಎಲ್ಲ ಧರ್ಮ ತೂಗಿ ನೋಡೋಕೆ. ಇಪ್ಪತ್ತೊಂದು ವರ್ಷದ ಹುಡುಗ ತಪ್ಪು ತೂಗಿರಬಹುದು. ತೂಗೋ ಹಕ್ಕು ಅವನದ್ದೇ. ಅವನ ಕೈ ಹಿಡಿಯೋ ಕಾಲದಲ್ಲಿ ನಾನು ಮೈಕ್ ಹಿಡಿದಿದ್ದೆ. ಈಗ ಬೈಯ್ಯೋಕೆ ನನಗೆ ಬಾಯಿಲ್ಲ.

ಹೋದ ಶನಿವಾರ ಅಜ್ಜಿಗೆ ಹೇಳಿ ಹೋಗೋಕೆ ಊರಿಗೆ ಬಂದಿದ್ದ. ಅಕ್ಕನೂ ಬಂದಿದ್ದಳು, ಚೀಲದಲ್ಲಿ ಆರು ಬಿಳಿ ಶರ್ಟು. ಕಾಲರ್ ಎಲ್ಲ ಬಿಚ್ಚಿ ಮತ್ತೆ ತಾನೇ ಹೊಲಿದಿದ್ದಳು. "ಅಂಗಡಿ ಹೊಲಿಗೆ ಎರಡು ವರ್ಷ ಬರಲ್ಲ" ಅಂದಳು. ಅವ್ವ ಕೇಳಿದಳು, "ನಾ ಸತ್ರೆ ಬರ್ತೀಯೇನಪ್ಪ?" ಹುಡುಗ ಸುಮ್ಮನಿದ್ದ. ಆಮೇಲೆ, "ವಾರ ವಾರ ಫೋನ್ ಮಾಡ್ತೀನಿ ಅಜ್ಜಿ" ಅಂದ. ಅವಳು ಇನ್ನೇನೂ ಕೇಳಲಿಲ್ಲ. ಎದ್ದು ಮಜ್ಜಿಗೆ ತಂದುಕೊಟ್ಟಳು.

ಬಸ್ ಹತ್ತಿಸುವಾಗ ನಾನು "ಜೈ ಭೀಮ್" ಅಂದೆ. ಅವನೂ "ಜೈ ಭೀಮ್ ಮಾಮ" ಅಂದ.

ಪ್ರಮಾಣಪತ್ರ ನನ್ನ ಬೀರುವಿನಲ್ಲಿದೆ. ವಾಪಸ್ ಬಂದ ಮೇಲೆ ಏನು ಮಾಡ್ತಾನೋ ಅವನಿಗೆ ಬಿಟ್ಟಿದ್ದು. ಕಾಮೆಂಟಲ್ಲಿ ಆ ಚರ್ಚು ಸರಿಯೋ ಈ ಧರ್ಮ ಸರಿಯೋ ಅಂತ ಕಿತ್ತಾಡಬೇಡಿ. ಮಾತಾಡೋದಿದ್ರೆ ಆ ಮೂರನೇ ಪ್ಯಾರಾ ಬಗ್ಗೆ ಮಾತಾಡಿ. ಧರ್ಮ ಬದಲಾಯಿಸಿದ ದಲಿತರಿಗೆ ಪರಿಶಿಷ್ಟ ಸ್ಥಾನ ಕೊಡಬೇಕಾ ಅಂತ ನೋಡೋಕೆ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿದ್ರು. ನಮ್ಮ ಸಂಘಟನೆಗಳಲ್ಲಿ ಎಷ್ಟು ಜನ ಅದರ ಬಗ್ಗೆ ಒಂದು ಸಭೆ ಮಾಡಿದೀವಿ? ನಾನಂತೂ ಮಾಡಿಲ್ಲ. ಈಗ ಮಾಡ್ತೀನಿ. ಬರೋರು ಹೇಳಿ.

ಮತ್ತೆ, ನಿಮ್ಮ ಬೀದಿಯಲ್ಲಿ ಹೋದ ವರ್ಷ ಮಣ್ಣಿಗೆ ಹೋಗಿ ಭಾಷಣ ಮಾಡಿ ಬಂದ ಮನೆ ಯಾವುದಾದ್ರೂ ಇದ್ರೆ, ಈ ವಾರ ಒಂದು ಸಲ ಹೋಗಿ ಬನ್ನಿ. ಟೀ ಕೊಟ್ರೆ ಕುಡೀರಿ.

ಜೈ ಭೀಮ್.